ಬಿರಡೆ ಬದಲಿಸಿದ ಮೇಲೆ

ಬಾಳೂರಿನ ರಸ್ತೆಬದಿಯಲ್ಲಿ ಪ್ರಸನ್ನಕುಮಾರನ ಮೋಟಾರು ರಿಪೇರಿ ಅಂಗಡಿ. ಸುತ್ತಲಿನ ಕಾಫಿ ತೋಟದವರು ಪಂಪ್‌ಸೆಟ್ಟು ಕೈಕೊಟ್ಟಾಗ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮಷಿನ್ನಿಗೆ ಬಿಡಿಭಾಗ ಬೇಕಾದಾಗ ಅಲ್ಲಿಗೇ ಬರುತ್ತಾರೆ. ಗಲ್ಲಾದ ಮೇಲೆ ಕೂರುವುದು ಅವನ ಹೆಂಡತಿ ನಾಗಶ್ರೀ. ಒಳಗೆ ಮೋಟಾರು ಚಾಲೂ ಆದ ಕೂಡಲೇ ಅವಳು ತಲೆ ಎತ್ತದೆಯೇ, "ರೀ, ಬೇರಿಂಗ್ ಹೋಗಿದೆ ನೋಡಿ" ಅನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಹೆಚ್ಚಾಗಿ ಹೌದಾಗಿರುತ್ತಿತ್ತು. ಅವಳ ಕಿವಿ ಅಂಥದ್ದು ಎಂದು ಗಿರಾಕಿಗಳೂ ಒಪ್ಪಿಕೊಂಡಿದ್ದರು.

ಅಂಥ ಕಿವಿಯ ಹೆಂಗಸು ನಲವತ್ತು ದಾಟಿದ ಮೇಲೆ ಗಿಟಾರ್ ಹಿಡಿದಳು. ಅದು ಮಗಳು ಕೃತಿಕಾ ಪಿಯುಸಿಯಲ್ಲಿ ಹಟ ಮಾಡಿ ತರಿಸಿಕೊಂಡು, ಎರಡು ವಾರ ನುಡಿಸಿ ಬೀರುವಿನ ಮೇಲೆ ಮಲಗಿಸಿದ್ದ ಹೊಸದಾಗಿ ಕಲಿಯುವವರ ಅಗ್ಗದ ಗಿಟಾರ್. ಕೃತಿಕಾ ಓದಲು ಹಾಸನಕ್ಕೆ ಹೋದಳು. ಧೂಳು ಹೊಡೆಯಲೆಂದು ಇಳಿಸಿದ ಗಿಟಾರನ್ನು ನಾಗಶ್ರೀ ಮತ್ತೆ ಮೇಲಿಡಲಿಲ್ಲ. ಯೂಟ್ಯೂಬ್ ನೋಡುತ್ತಾ, ಬೆರಳ ತುದಿ ಗಡುಸಾಗುವವರೆಗೂ ತಂತಿ ಒತ್ತಿದಳು. ವಸ್ತಾರೆಯ ತವರಿನಲ್ಲಿ ಹುಡುಗಿಯಾಗಿದ್ದಾಗ ಹೇಳುತ್ತಿದ್ದ ವಚನಗಳಿಗೆ ತಾನೇ ಸ್ವರ ಹುಡುಕಿದಳು. ಮಧ್ಯಾಹ್ನ ಅಂಗಡಿ ತಣ್ಣಗಿರುವ ಹೊತ್ತಿಗೆ ಅವಳ ನುಡಿಸಾಣಿಕೆ ನಡೆಯುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಅವಳ ಕೈಗೆ ಒಂದು ಹದ ಬಂದಿತ್ತು.

ಕಾರ್ತಿಕದಲ್ಲಿ ಗಿಟಾರ್ ಕೆಟ್ಟಿತು. ಹಾಗೆಂದು ಅವಳು ತಿಳಿದಳು.

ತಂತಿ ಮೀಟಿದರೆ ಸ್ವರದ ಜೊತೆಗೆ ಅದರದೇ ಇನ್ನೊಂದು ಸ್ವರ, ತುಸು ಇಳಿದದ್ದು, ಒಡೆದ ಮಡಕೆಯ ಹಾಗೆ ಹೊರಡುತ್ತಿತ್ತು. ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ತೆರೆದಳು. ಮುಳ್ಳು ನಡುಮಧ್ಯೆ ನಿಂತು ಹಸಿರು ತೋರಿಸಿತು. ಕಿವಿ ಮಾತ್ರ ಒಪ್ಪಲಿಲ್ಲ. ತಂತಿ ಬಿಗಿಸುವ ಬಿರಡೆ ತಿರುವಿದಳು, ಸಡಿಲಿಸಿದಳು, ಮತ್ತೆ ಬಿಗಿ ಮಾಡಿದಳು. ಕೊನೆಗೆ ಒಂದು ತಂತಿ ಫಟ್ಟನೆ ಹರಿದು ಮುಂಗೈ ಗೀರಿತು.

"ಎಂತಕ್ಕೆ ಅಷ್ಟು ಒದ್ದಾಡ್ತೀಯ ಮಾರಾಯ್ತಿ?" ಎಂದ ಪ್ರಸನ್ನಕುಮಾರ. "ಅಗ್ಗದ ಮಾಲು, ಬಿರಡೆ ಹಲ್ಲು ಸವೆದಿರ್ತದೆ. ಹಳೇದು ತೆಗೆದು ಹೊಸದು ಹಾಕಿಸಿದ್ರೆ ಆಯ್ತಪ್ಪ." ಅವನ ಕಸುಬಿನಲ್ಲಿ ಎಲ್ಲ ಕಾಯಿಲೆಗೂ ಮದ್ದು ಅದೇ ತಾನೆ.

ಇಬ್ಬರೂ ಚಿಕ್ಕಮಗಳೂರಿಗೆ ಹೋದರು. ವಾದ್ಯದ ಅಂಗಡಿ ಇಟ್ಟಿದ್ದ ದಿಲೀಪ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಒಂದೊಂದೇ ತಂತಿ ಮೀಟಿದ.

"ಬಿರಡೆ ಚೆನ್ನಾಗಿ ಹಿಡ್ಕೊಂಡಿದಾವೆ ಅಕ್ಕ. ಶ್ರುತಿನೂ ಸರಿಯಾಗೇ ಇದೆಯಲ್ಲ."

"ಎಲ್ಲಿ ಸರಿ ಇದೆ? ನಿಂಗೆ ಕೇಳ್ತಿಲ್ವಾ, ಒಳಗೆ ಒಡಕು?"

ದಿಲೀಪ್ ಮತ್ತೊಮ್ಮೆ ಮೀಟಿ, ತಲೆ ಓರೆ ಮಾಡಿ ಕೇಳಿದ. ಪ್ರಸನ್ನಕುಮಾರನ ಮುಖ ನೋಡಿದ. "ಕಲಿಯೋ ಗಿಟಾರಿಗೆ ಬಿಡಿಭಾಗ ಬದಲಾಯಿಸೋದು ಒಂದು ಹುಚ್ಚು ಅಷ್ಟೆ. ನಾದ ಸ್ವಲ್ಪ ತಿಳಿಯಾಗ್ಬಹುದು, ಬಿರಡೆ ನುಣ್ಣಗೆ ತಿರುಗಬಹುದು. ಅದಕ್ಕಿಂತ ಹೆಚ್ಚು ನಾನು ಮಾತು ಕೊಡಲ್ಲ."

"ಬದಲಾಯಿಸು," ಎಂದಳು ನಾಗಶ್ರೀ.

ಹೊಸ ಬಿರಡೆ ಬಂತು, ತಂತಿ ಸಿಕ್ಕಿಸುವ ಗೂಟಗಳು ಬಂದವು. ತಂತಿಗಳು ಕೂರುವ ಬಿಳಿ ಪಟ್ಟಿಗೆ ಪ್ಲಾಸ್ಟಿಕ್ ಬದಲು ಮೂಳೆಯದು ಒಳ್ಳೆಯದೆಂದು ದಿಲೀಪ್ ಹೇಳಿದಾಗ ಅವಳು ಹಿಂದೆ ಸರಿದಳು. "ಲಿಂಗ ಕಟ್ಟಿದ ಮನೆ ಮಾರಾಯ, ಅದೆಲ್ಲ ಬೇಡ." ಅವನು ನಕ್ಕು ಹಿತ್ತಾಳೆಯದು ಕೂರಿಸಿದ.

ಮನೆಗೆ ಬಂದು ನುಡಿಸಿದಳು. ನಾದ ತಿಳಿಯಾಗಿತ್ತು, ನಿಜ. ಆ ತಿಳಿಯಲ್ಲಿ ಒಡಕು ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಅವಳು ಗಂಡನಿಗೆ, "ಈಗ ಪರವಾಗಿಲ್ಲ ರೀ" ಅಂದಳು. ಯಾಕೆ ಹಾಗಂದಳೋ ಅವಳಿಗೇ ಗೊತ್ತಾಗಲಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಿಟ್ಟಳು. ಆದರೆ ಒಡಕು ಗಿಟಾರಿನಲ್ಲೇ ಉಳಿಯಲಿಲ್ಲ. ಕುಕ್ಕರ್ ಕೂಗಿದರೆ ಎರಡು ದನಿ. ಶಾಲೆಯ ಗಂಟೆಗೆ ಎರಡು ದನಿ. ಎಲ್ಲರೂ ಸುಮ್ಮನಿದ್ದಾಗಲೂ ಎಲ್ಲೋ ದೂರದ ತೋಟದಲ್ಲಿ ಪಂಪು ಓಡುತ್ತಿರುವ ಹಾಗೆ ಗುಂಯ್ ಎನ್ನುತ್ತಿತ್ತು. "ಯಾರ ಮೋಟಾರ್ ರೀ ಅದು?" ಎಂದು ಒಮ್ಮೆ ಕೇಳಿದಳು. "ಯಾವ ಮೋಟಾರ್? ಕರೆಂಟೇ ಇಲ್ಲ," ಎಂದ ಅವನು. ಅವಳು ಮತ್ತೆ ಕೇಳಲಿಲ್ಲ. ಯಾರೋ ತಂದ ಪಂಪಿಗೆ ಅವಳು ಬೇರಿಂಗ್ ಎಂದಳು. ಬಿಚ್ಚಿದರೆ ಬೇರಿಂಗ್ ಹೊಸದರ ಹಾಗಿತ್ತು. ಪ್ರಸನ್ನಕುಮಾರ ಅದನ್ನು ಹಾಗೇ ಮತ್ತೆ ಜೋಡಿಸಿದ.

ಕಾಫಿ ಕುಯ್ಲು ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅವಳು ಹಾಲು ತರಲು ರಸ್ತೆ ದಾಟುತ್ತಿದ್ದಳು. ಯಾರೋ ರಟ್ಟೆ ಹಿಡಿದು ಹಿಂದಕ್ಕೆಳೆದರು. ಆಳುಗಳನ್ನು ತುಂಬಿಕೊಂಡ ಎಸ್ಟೇಟಿನ ಜೀಪು ಸೀರೆಯ ಅಂಚು ಸವರಿಕೊಂಡು ಹೋಯಿತು. ಎಳೆದವನು ಗಂಡನೇ.

"ಅಷ್ಟು ಹಾರನ್ ಹೊಡಿತಾ ಬಂದ! ಕೇಳಿಸ್ಲಿಲ್ವಾ?"

"ಏನೋ ಯೋಚನೆ ಮಾಡ್ತಿದ್ದೆ," ಎಂದಳು. ಯೋಚನೆ ಯಾವುದೂ ಇರಲಿಲ್ಲ. ಜೀಪು ಬಂದ ಎಡಗಡೆಯಿಂದ ಅವಳಿಗೆ ಯಾವ ಸದ್ದೂ ಕೇಳಿಸಿರಲಿಲ್ಲ.

ಶಿವರಾತ್ರಿಗೆ ಕೃತಿಕಾ ಬಂದಳು. ಗಿಟಾರ್ ನೋಡಿ, "ಹೊಸ ಬಿರಡೆ ಹಾಕ್ಸಿದೀರಾ!" ಎಂದು ಖುಷಿಯಿಂದ ಎತ್ತಿಕೊಂಡು ನುಡಿಸಿದಳು. ನಾಗಶ್ರೀ ಮುಖ ಹಿಂಡಿದಳು.

"ಶ್ರುತಿ ಸರಿ ಮಾಡ್ಕೊಂಡು ನುಡಿಸೇ."

"ಸರಿ ಇದೆಯಲ್ಲಮ್ಮ. ಎಷ್ಟು ಚಂದ ಕೇಳ್ತಿದೆ."

ಮಗಳ ಕಿವಿಯೂ ತನ್ನದರ ಹಾಗೇ ಸೂಕ್ಷ್ಮ ಎಂದು ನಾಗಶ್ರೀಗೆ ಗೊತ್ತಿತ್ತು. ಅವಳು ಮೆಲ್ಲನೆ ಬಲಗಿವಿಗೆ ಬೆರಳು ಒತ್ತಿಕೊಂಡಳು. ಉಳಿದದ್ದು ಒಡಕು ಮಾತ್ರ, ತಗಡಿನ ಡಬ್ಬದೊಳಗಿಂದ ಬಂದ ಹಾಗೆ. ಬೆರಳು ತೆಗೆದು ಎಡಗಿವಿಗೆ ಒತ್ತಿಕೊಂಡಳು. ಗಿಟಾರ್ ಶುದ್ಧವಾಗಿ, ತುಂಬಿಕೊಂಡು ಕೇಳಿಸಿತು. ಇಷ್ಟು ತಿಂಗಳು ಅದು ಹೀಗೇ ಇತ್ತು.

"ಅಮ್ಮ, ಏನಾಯ್ತು? ಬೆವರ್ತಿದೀಯ."

ಆಗ ಹೇಳಿದಳು, ಎರಡು ದನಿ, ಇಲ್ಲದ ಪಂಪು, ಜೀಪು, ಎಲ್ಲ.

ಮಂಗಳೂರಿನ ಡಾಕ್ಟರು ಸ್ಕ್ಯಾನಿನ ಚಿತ್ರದಲ್ಲಿ ಹೆಸರುಕಾಳಿನಷ್ಟು ಬಿಳುಪು ತೋರಿಸಿದರು. ಎಡಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಗಡ್ಡೆ. ಕ್ಯಾನ್ಸರ್ ಅಲ್ಲ. ಒಂದೇ ಸ್ವರ ಎರಡು ಕಿವಿಯಲ್ಲಿ ಎರಡಾಗಿ ಕೇಳುವುದೂ ಅದರಿಂದಲೇ ಇರಬೇಕು. ಸದ್ಯ ಕಾದು ನೋಡೋಣ, ಬೆಳೆದರೆ ತೆಗೆಯಲೇಬೇಕು ಎಂದರು.

ಪ್ರಸನ್ನಕುಮಾರ ಚಿತ್ರವನ್ನೇ ನೋಡುತ್ತಿದ್ದವನು ಕೇಳಿದ. "ಆ ನರ ಬದಲಾಯಿಸಕ್ಕೆ ಆಗಲ್ವಾ ಡಾಕ್ಟ್ರೇ?"

ಡಾಕ್ಟರು ನಗಲಿಲ್ಲ. "ಇಲ್ಲ, ಅದಕ್ಕೆ ಬದಲಿ ಇಲ್ಲ," ಎಂದರು.

ಕಾಯುವುದೇ ಒಂದು ಕಸುಬಾಯಿತು. ರಸ್ತೆಯಲ್ಲಿ ಪ್ರಸನ್ನಕುಮಾರ ಹೇಳದೆಯೇ ಅವಳ ಎಡಕ್ಕೆ ಬಂದು ನಡೆಯತೊಡಗಿದ. ನಾಗಶ್ರೀ ಎಡಗಿವಿಗೆ ಹತ್ತಿ ತುರುಕಿ ಗಿಟಾರ್ ನುಡಿಸಿದಳು. ಹಾಗೆ ನುಡಿಸಿದಾಗ ಹೊಸ ಬಿರಡೆ, ಹಿತ್ತಾಳೆಯ ಪಟ್ಟಿಯ ತಿಳಿನಾದ ಮೊದಲ ಬಾರಿಗೆ ಅವಳಿಗೆ ಸಿಕ್ಕಿತು. ಆಷಾಢದ ಒಂದು ಬೆಳಿಗ್ಗೆ ಹತ್ತಿ ಇದ್ದರೂ ತಂತಿ ಅಪಸ್ವರ ಹೊರಡಿಸಿತು. ಬಲಗಿವಿಯೂ ಹೋಯಿತೆಂದುಕೊಂಡಳು. ಫೋನು ತೆರೆದಳು. ಮುಳ್ಳು ಕೆಂಪಿನಲ್ಲಿತ್ತು. ಮಳೆಯ ತೇವಕ್ಕೆ ತಂತಿ ನಿಜಕ್ಕೂ ಶ್ರುತಿ ತಪ್ಪಿತ್ತು. ಅವಳು ಒಬ್ಬಳೇ ಕೂತು ನಕ್ಕಳು. ನಗು ಅಳುವಿಗೆ ತಿರುಗಿದ್ದು ಯಾವಾಗ ಎಂದು ತಿಳಿಯಲಿಲ್ಲ.

ಮಳೆಗಾಲ ಕಳೆದು ಮಾಡಿಸಿದ ಎರಡನೇ ಸ್ಕ್ಯಾನಿನಲ್ಲಿ ಹೆಸರುಕಾಳು ಕಡಲೆಯಾಗಿತ್ತು. ನಡೆಯುವಾಗ ಅವಳು ಆಗಲೇ ಒಂದು ಕಡೆಗೆ ವಾಲುತ್ತಿದ್ದಳು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಎಡಗಿವಿಯಲ್ಲಿ ಉಳಿದಿರುವ ಅಷ್ಟಿಷ್ಟು ಕೂಡ ಹೋಗುತ್ತದೆ, ಮುಖದ ನರಕ್ಕೂ ಪೆಟ್ಟಾಗಬಹುದು, ಮೊದಲೇ ಹೇಳಿರುತ್ತೇನೆ ಎಂದರು.

ಹೊರಡುವ ದಿನ ಪ್ರಸನ್ನಕುಮಾರ ಅಂಗಡಿಯ ಬಾಗಿಲು ಎಳೆದು, ಬ್ಯಾಗು ಹಿಡಿದು ಬಂದಾಗ ಒಳಗೆ ಗಿಟಾರ್ ಕೇಳಿಸುತ್ತಿತ್ತು. ನಾಗಶ್ರೀ ಕಿಟಕಿಯ ಬಳಿ ಕೂತಿದ್ದಳು. ಕಿವಿಯಲ್ಲಿ ಹತ್ತಿ ಇರಲಿಲ್ಲ.

"ಎರಡೆರಡು ಕೇಳ್ತದೆ ಅಂತ ಬಯ್ತಿದ್ದೆಯಲ್ಲ. ಹತ್ತಿ ಇಟ್ಕೊಳ್ಳಲ್ವಾ?"

"ಇವತ್ತು ಬೇಡ," ಎಂದಳು ಅವಳು. "ಆ ಒಡಕನ್ನೂ ಇನ್ನೊಂದ್ಸಲ ಕೇಳ್ಕೊಂಡು ಹೋಗ್ತೀನಿ. ನಾಳೆಯಿಂದ ಆ ಕಡೆ ಏನೂ ಇರಲ್ಲ ರೀ."

ಹೊರಗೆ ಮಂಗಳೂರಿಗೆ ಕರೆದೊಯ್ಯಲು ಬಂದ ಜೀಪಿನ ಹಾರನ್ ಆಯಿತು. ಅವಳು ತಲೆ ಎತ್ತಲಿಲ್ಲ. ಪ್ರಸನ್ನಕುಮಾರ ಬ್ಯಾಗು ಕೆಳಗಿಟ್ಟು, ಜೀಪು ಓಡಿಸುವ ಹುಡುಗನಿಗೆ ತಡಿ ಎಂದು ಕೈಸನ್ನೆ ಮಾಡಿ ಹೊಸ್ತಿಲ ಮೇಲೆ ಕೂತ.