ಹುಲಿಯಪ್ಪ ಬಿಡದ ಹಿಡಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಲಿಯಪ್ಪ ಹೆಸರಿನಲ್ಲಿ ಮಾತ್ರ ಹುಲಿ. ಹೆಂಡತಿ ಯಲ್ಲಮ್ಮ ದನಿ ಎತ್ತಿದರೆ ಸದ್ದಿಲ್ಲದೆ ಎದ್ದು ಜಗಲಿಗೆ ಹೋಗಿ ಕೂರುತ್ತಿದ್ದ. ಕೊಳಾಯಿಯ ಹತ್ತಿರ ಹೆಂಗಸರ ಜಗಳ ಕೇಳಿಸಿದರೆ ಕೊಡವನ್ನು ಅಲ್ಲೇ ಬಿಟ್ಟು ಬರುವ ಪೈಕಿ. ಆದರೆ ಕಾರ್ಖಾನೆಯಲ್ಲಿ ಯಾರಾದರೂ ಕುಲುಮೆಯ ಗ್ಯಾಸು ಕುಡಿದು ಬಿದ್ದರೆ, ಮೇಸ್ತ್ರಿಯಿಂದ ಹಿಡಿದು ಎಲ್ಲರೂ ಕೂಗುತ್ತಿದ್ದದ್ದು ಈ ಪುಕ್ಕಲನ ಹೆಸರನ್ನೇ.

ಅವನು ಹೊಳೆಹೊನ್ನೂರಿನವನು. ಸೋದರಮಾವನ ಕುಲುಮೆಯಲ್ಲಿ ಬೆಂಕಿಗೆ ಗಾಳಿಯೂದುವ ತಿದಿ ಒತ್ತುತ್ತಾ ಬೆಳೆದವನು. ಕಾರ್ಖಾನೆ ಹೊಸದಾಗಿ ಶುರುವಾದಾಗ ಬಂದು ಸೇರಿಕೊಂಡ. ಅಲ್ಲಿ ಒಬ್ಬ ಸಾಹೇಬರು ಕೆಲಸಗಾರರನ್ನು ಸೇರಿಸಿ, ಉಸಿರು ನಿಂತವನಿಗೆ ಉಸಿರು ಬರಿಸುವ ಬಗೆ ತೋರಿಸಿದ್ದರು. ಬಿದ್ದವನನ್ನು ಬೋರಲು ಮಲಗಿಸಬೇಕು, ಬೆನ್ನಿನ ಕೆಳಗಡೆ ಎರಡೂ ಅಂಗೈ ಇಟ್ಟು ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಅವನು ತಾನಾಗಿ ಉಸಿರಾಡುವ ತನಕ ನಿಲ್ಲಿಸಬಾರದು. ಉಳಿದವರು ಇದನ್ನು ಕಲಿತು ಮರೆತರು. ತಿದಿಯ ಕೈ ಹುಲಿಯಪ್ಪನದು, ಅವನಿಗೆ ಮರೆಯಲಿಲ್ಲ. ಸತ್ತನೆಂದು ಬಟ್ಟೆ ಹೊದಿಸಿದ್ದವನೊಬ್ಬನನ್ನೂ ಅವನು ಒತ್ತಿ ಒತ್ತಿ ಎಬ್ಬಿಸಿದ್ದ. ‘ಬಿಡೋ ಮಾರಾಯ, ಹೋಗಾಯ್ತು’ ಎಂದು ಸುತ್ತ ನಿಂತವರು ಹೇಳಿದರೂ ಬಿಟ್ಟಿರಲಿಲ್ಲ. ಅಂದಿನಿಂದ, ನಿಲ್ಲಿಸಿದರೆ ಕೊಂದ ಹಾಗೆ ಎಂಬುದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವನ ಒಬ್ಬಳೇ ಮಗಳು ತುಂಗಮ್ಮನಿಗೆ ಜ್ವರ ಬಂತು. ಮೈನೆರೆದು ಮದುವೆಗೆ ನಿಂತಿದ್ದ ಹುಡುಗಿ. ಮೊದಲು ಕಾಲು ಬಿದ್ದವು, ಆಮೇಲೆ ಕೈ ಸೋತವು, ಕೊನೆಗೆ ಎದೆಯೇ ಏಳದಾಯಿತು. ಕಾರ್ಖಾನೆಯ ಲಾರಿಯೊಂದು ಶಿವಮೊಗ್ಗಕ್ಕೆ ಹೊರಟಿತ್ತು. ಅದರ ಹಿಂದೆ ಗೋಣಿಚೀಲದ ಮೇಲೆ ಮಗಳನ್ನು ಬೋರಲು ಮಲಗಿಸಿ, ದಾರಿಯುದ್ದಕ್ಕೂ ಬೆನ್ನು ಒತ್ತುತ್ತಾ ಅವಳನ್ನು ಜೀವಂತವಾಗಿ ಆಸ್ಪತ್ರೆಗೆ ಮುಟ್ಟಿಸಿದ. ಇಳಿದಾಗ ಅವನ ಮೊಣಕಾಲಿನ ಚರ್ಮ ಕಿತ್ತುಬಂದಿತ್ತು.

ಆಸ್ಪತ್ರೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಪರದೇಶದ ಯಾರೋ ಪುಣ್ಯಾತ್ಮರು ಕಳಿಸಿದ್ದಂತೆ. ರೋಗಿಯನ್ನು ಅದರೊಳಗೆ ಮಲಗಿಸಿ, ತಲೆ ಮಾತ್ರ ಹೊರಗೆ ಬಿಟ್ಟು, ಕುತ್ತಿಗೆಯ ಸುತ್ತ ರಬ್ಬರಿನ ಪಟ್ಟಿ ಬಿಗಿಯುತ್ತಿದ್ದರು. ಪಕ್ಕದಲ್ಲಿ ದೊಡ್ಡದೊಂದು ತಿದಿ. ಯಲ್ಲಮ್ಮ ಅದನ್ನು ನೋಡಿದವಳೇ ಇದು ಹೂಳುವ ಪೆಟ್ಟಿಗೆ ಎಂದು ಅತ್ತಳು. ಹುಲಿಯಪ್ಪನಿಗೂ ಮೊದಲು ಅರ್ಥವಾಗಲಿಲ್ಲ. ಅವನು ಕಂಡ ತಿದಿ ಗಾಳಿಯನ್ನು ಊದುತ್ತಿತ್ತು. ಇದು ಪೆಟ್ಟಿಗೆಯ ಗಾಳಿಯನ್ನು ಹೊರಕ್ಕೆ ಎಳೆಯುತ್ತಿತ್ತು. ಒಳಗಿನ ಗಾಳಿ ತೆಳುವಾದಾಗ ಎದೆ ತಾನೇ ಉಬ್ಬುತ್ತದೆ, ಮೂಗಿನಿಂದ ಉಸಿರು ಒಳಗೆ ಹೋಗುತ್ತದೆ, ಗಾಳಿ ಮರಳಿ ಬಿಟ್ಟರೆ ಎದೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಮಗಳ ಕಪ್ಪಿಟ್ಟಿದ್ದ ತುಟಿ ಕೆಂಪಾದದ್ದನ್ನು ಕಂಡ ಮೇಲೆ ಯಲ್ಲಮ್ಮ ಆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಬೈಸಿಕೊಂಡಳು.

ಪೆಟ್ಟಿಗೆಯ ಮೋಟರು ಕೆಟ್ಟು ಕೂತಿತ್ತು. ಅದರ ಬಿಡಿಭಾಗ ಹಡಗಿನಲ್ಲಿ ಬರಬೇಕು, ಯುದ್ಧ ಮುಗಿಯದೆ ಹಡಗು ಬರದು. ಹೀಗಾಗಿ ತಿದಿಗೆ ಮರದ ಹಿಡಿಯೊಂದಿತ್ತು, ಆಳುಗಳು ಪಾಳಿಯಲ್ಲಿ ಎಳೆದು ಬಿಡಬೇಕಿತ್ತು. ಬೆಳಗಿನ ಪಾಳಿಯನ್ನು ಹುಲಿಯಪ್ಪ ತಾನೇ ಕೇಳಿ ತೆಗೆದುಕೊಂಡ. ಮಗಳು ಮಾತಾಡಬೇಕಾದರೆ ಅವನು ಗಾಳಿ ಬಿಡುವುದನ್ನು ಕಾಯಬೇಕು. ಎದೆ ಇಳಿಯುವಾಗ ಮಾತ್ರ ಅವಳಿಗೆ ದನಿ ಬರುತ್ತಿತ್ತು. ಅರ್ಧ ಮಾತು ಈ ಸಲ, ಇನ್ನರ್ಧ ಮುಂದಿನ ಸಲ. ಹುಲಿಯಪ್ಪ ಅವಳ ಮುಖ ನೋಡಿ, ಮಾತು ದೊಡ್ಡದಿದ್ದರೆ ನಿಧಾನವಾಗಿ ಬಿಡುತ್ತಿದ್ದ. ಅಷ್ಟು ಹತ್ತಿರ ಅವನು ಮಗಳಿಗೆ ಹಿಂದೆಂದೂ ಇರಲಿಲ್ಲ.

ಜ್ವರ ಪೂರ್ತಿ ಇಳಿದ ಮೇಲೆ ಡಾಕ್ಟರು ಹೊಸ ಕಟ್ಟಳೆ ಮಾಡಿದರು. ದಿನಾ ಬೆಳಗ್ಗೆ, ಹುಡುಗಿಗೆ ದಣಿವಾಗುವ ಮೊದಲು, ಸ್ವಲ್ಪ ಹೊತ್ತು ಹಿಡಿಯನ್ನು ನಿಲ್ಲಿಸಬೇಕು. ಎದೆ ತನ್ನ ಕೆಲಸ ಮತ್ತೆ ಕಲಿಯಬೇಕು. ಗಾಬರಿಯಾಗುತ್ತಾಳೆ, ಆಗಲಿ, ನೀವು ಗಾಬರಿಯಾಗಬೇಡಿ ಎಂದರು. ನರ್ಸ್ ಜಲಜಮ್ಮ ಮೊದಲ ದಿನ ಪಕ್ಕದಲ್ಲೇ ನಿಂತು ನಿಲ್ಲಿಸು ಎಂದಳು. ನಿಲ್ಲಿಸಿದ. ತುಂಗಮ್ಮನ ಕಣ್ಣು ಹೊರಬಂದವು, ಬಾಯಿ ತೆರೆದುಕೊಂಡಿತು, ದನಿ ಮಾತ್ರ ಇಲ್ಲ. ಜಲಜಮ್ಮ ಹೇಳುವ ಮೊದಲೇ ಹುಲಿಯಪ್ಪ ಹಿಡಿ ಎಳೆದಿದ್ದ.

ಮರುದಿನದಿಂದ ಜಲಜಮ್ಮನಿಗೆ ಬೇರೆ ವಾರ್ಡುಗಳ ಕೆಲಸ. ಹೋಗುವಾಗ ನಿಲ್ಲಿಸು ಎಂದು ಹೇಳಿ ಹೋಗುವಳು, ಬಂದಾಗ ನಿಲ್ಲಿಸಿದೆಯಾ ಎಂದು ಕೇಳುವಳು. ನಿಲ್ಲಿಸಿದ್ದೆ ತಾಯಿ, ಮಗಳು ತಡೆಯಲಿಲ್ಲ ಎನ್ನುತ್ತಿದ್ದ. ಒಂದು ದಿನವೂ ನಿಲ್ಲಿಸಲಿಲ್ಲ. ಎಲ್ಲರ ಮಾತಿಗೂ ತಲೆ ಬಾಗುವ ಮನುಷ್ಯ ಇದೊಂದರಲ್ಲಿ ಕಲ್ಲಾಗಿ ಕೂತ. ಹೆತ್ತ ಕರುಳು ಹೀಗೂ ಹಾಳು ಮಾಡುತ್ತದೆ ಎಂದು ಅವನಿಗೆ ಯಾರು ತಿಳಿಸಬೇಕಿತ್ತು? ಹುಡುಗಿಯ ಎದೆ ಸತ್ತೇ ಹೋಗಿದೆಯೇನೋ ಎಂದು ಡಾಕ್ಟರು ಜಲಜಮ್ಮನ ಹತ್ತಿರ ಹೇಳಿದ್ದೂ ಅವನ ಕಿವಿಗೆ ಬಿತ್ತು. ಬಿದ್ದರೂ ಹಿಡಿ ಎಳೆಯುತ್ತಲೇ ಹೋದ.

ಹಾಗಿರುವಾಗ ಒಂದು ಬೆಳಗ್ಗೆ ಮಲವಗೊಪ್ಪದಿಂದ ನಾಗಯ್ಯ ಎಂಬವನು ತನ್ನ ಹೆಂಡತಿ ಕಾಶಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಅದೇ ಜ್ವರ, ಅದೇ ಸೋತ ಎದೆ. ಎಳೆ ಪ್ರಾಯದವಳು. ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದರು. ಡಾಕ್ಟರು ದಡಬಡನೆ ಪೆಟ್ಟಿಗೆಯ ಕೋಣೆಗೆ ಬಂದರು.

“ಈ ಹುಡುಗಿ ಒಂದರ್ಧ ಗಂಟೆ ತಾನಾಗಿ ಉಸಿರಾಡ್ತಾಳಾ? ಆಡಿದ್ರೆ ಇಬ್ರನ್ನೂ ಪಾಳಿ ಮೇಲೆ ಪೆಟ್ಟಿಗೇಲಿ ಇಡಬಹುದು.”

ಜಲಜಮ್ಮ ಹುಲಿಯಪ್ಪನ ಕಡೆ ನೋಡಿದಳು. ಗೊತ್ತಿಲ್ಲ ಎಂದಿದ್ದರೆ ನಿಜವಾಗುತ್ತಿತ್ತು.

“ಇಲ್ಲ ಬುದ್ಧೀ, ಚೂರೂ ತಡೆಯಲ್ಲ,” ಎಂದ.

ಡಾಕ್ಟರು ನಿಟ್ಟುಸಿರುಬಿಟ್ಟು ಹೊರಗೆ ಹೋದರು. ಬೆನ್ನು ಒತ್ತಲು ಅವನನ್ನೇ ಕರೆದರು. ಜಲಜಮ್ಮ ಹಿಡಿಗೆ ಕೈ ಕೊಟ್ಟಳು. ಹುಲಿಯಪ್ಪ ಪಡಸಾಲೆಯಲ್ಲಿ ಮೊಣಕಾಲೂರಿ ಕಾಶಮ್ಮನ ಬೆನ್ನು ಒತ್ತಿದ. ಬಿಸಿಲು ಪಡಸಾಲೆಯನ್ನು ದಾಟಿ ಅಂಗಳಕ್ಕೆ ಇಳಿಯುವ ತನಕ ಒತ್ತಿದ. ಕಾರ್ಖಾನೆಯ ಗಂಡಾಳುಗಳನ್ನು ಎಬ್ಬಿಸಿದ್ದ ಕೈ. ಆದರೆ ಗ್ಯಾಸು ಕುಡಿದವನು ಸ್ವಲ್ಪ ಹೊತ್ತಿಗೆ ತಾನೇ ಉಸಿರೆಳೆಯುತ್ತಾನೆ. ಸೋತ ಎದೆ ಇಷ್ಟು ಬೇಗ ಏಳುವುದಿಲ್ಲ, ಅದಕ್ಕೆ ಪೆಟ್ಟಿಗೆಯೇ ಬೇಕು. ಬೆನ್ನು ತಣ್ಣಗಾದದ್ದು ಅವನ ಅಂಗೈಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಡಾಕ್ಟರು ಸಾಕು ಎಂದರೂ ಬಿಡಲಿಲ್ಲ. ಕೊನೆಗೆ ನಾಗಯ್ಯನೇ ಬಂದು ಅವನ ಎರಡೂ ಕೈ ಹಿಡಿದುಕೊಂಡ.

“ಬಿಡಣ್ಣ. ನಿನ್ನ ಕೈಲಾದ್ದೆಲ್ಲಾ ಮಾಡ್ದೆ. ಇದ್ನ ನಾನು ಮರೆಯಲ್ಲ.”

ಆ ಮಾತು ಅವನನ್ನು ಸುಟ್ಟಿತು. ನಾಗಯ್ಯ ಬೈದು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹುಲಿಯಪ್ಪ ಹಿಡಿಯನ್ನು ನಿಲ್ಲಿಸಿದ. ಯಾರೂ ಹೇಳಿರಲಿಲ್ಲ. ತುಂಗಮ್ಮನ ಕಣ್ಣು ಅಗಲವಾದವು, ಕುತ್ತಿಗೆಯ ನರ ಉಬ್ಬಿದವು. ಅವನು ಕಣ್ಣು ಮುಚ್ಚಿಕೊಂಡು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಮತ್ತೆ ಕಣ್ಣು ತೆರೆದಾಗ ಮಗಳು ಉಸಿರಾಡುತ್ತಿದ್ದಳು. ಚಿಕ್ಕಚಿಕ್ಕ ಉಸಿರು, ಆದರೆ ಅವಳದೇ. ಮುಗಿಯಿತು ಎಂದುಕೊಂಡರೆ ಇನ್ನೊಂದು ಬರುತ್ತಿತ್ತು. ಓಡಿ ಬಂದ ಜಲಜಮ್ಮ ಸಂತೋಷದಿಂದ ಅವನ ಬೆನ್ನು ತಟ್ಟಿದಳು. ಹುಲಿಯಪ್ಪ ಗೋಡೆಗೆ ತಲೆ ಕೊಟ್ಟು ಅತ್ತ. ಮಗಳು ಉಳಿದ ಸಂತೋಷಕ್ಕೆ ಅಳುತ್ತಾನೆ ಎಂದು ವಾರ್ಡಿನವರೆಲ್ಲ ತಾವೂ ಕಣ್ಣೊರೆಸಿಕೊಂಡರು.

ತುಂಗಮ್ಮ ಮನೆಗೆ ಬಂದಳು. ಕಾಲು ಮಾತ್ರ ಸರಿಹೋಗಲಿಲ್ಲ, ಜಗಲಿಯೇ ಅವಳ ಲೋಕವಾಯಿತು. ಹುಲಿಯಪ್ಪ ಮತ್ತೆ ಕಾರ್ಖಾನೆಗೆ ಹೋದ. ಉಸಿರು ನಿಂತವರ ಹತ್ತಿರ ಅವನನ್ನು ಕರೆದರೆ ಹೋಗುತ್ತಿದ್ದ, ಆದರೆ ಯಾರಾದರೂ ಹೊಗಳಿದರೆ ಎದ್ದು ನಡೆಯುತ್ತಿದ್ದ. ಸಂತೆಗೆ ಹೋಗುವಾಗ ಮಲವಗೊಪ್ಪದ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದ. ಡಾಕ್ಟರಿಗೆ ಹೇಳಿದ್ದ ಆ ಸುಳ್ಳಿನ ವಿಷಯ ಯಲ್ಲಮ್ಮನಿಗೂ ತಿಳಿಸಲಿಲ್ಲ. ಮಗಳಿಗಂತೂ ಈ ಪಾಪದ ನೆರಳೂ ಸೋಕಬಾರದು ಎಂಬುದೊಂದೇ ಅವನಿಗೆ ಉಳಿದಿದ್ದ ಸಮಾಧಾನ.

ಒಂದು ಭಾನುವಾರ ಯಲ್ಲಮ್ಮ ಹೊಳೆಗೆ ಹೋಗಿದ್ದಾಗ, ತುಂಗಮ್ಮ ಹುರುಳಿ ಹಸನು ಮಾಡುತ್ತಾ ಕೇಳಿದಳು.

“ಅಪ್ಪ, ಆ ಮಲವಗೊಪ್ಪದವಳಿಗೆ ಮಕ್ಕಳಿದ್ವಾ?”

“ನಂಗೇನು ಗೊತ್ತು ಮಗಾ,” ಎಂದ. ಒಂದು ಹೆಣ್ಣುಮಗು ಇದ್ದದ್ದು ಅವನಿಗೆ ಗೊತ್ತಿತ್ತು.

ತುಂಗಮ್ಮ ಮೊರವನ್ನು ಕೆಳಗಿಟ್ಟಳು.

“ಡಾಕ್ಟ್ರು ಕೇಳ್ದಾಗ, ನಾ ಉಸಿರಾಡಿ ನೋಡ್ತೀನಿ ಅಂತ ಹೇಳ್ಬೋದಿತ್ತು ಅಪ್ಪ. ನೀನು ಗಾಳಿ ಬಿಟ್ಟಾಗೆಲ್ಲ ಮಾತು ಬಾಯಿಗೆ ಬರ್ತಿತ್ತು. ಹೆದ್ರಿಕೆಯಾಗಿ ನುಂಗ್ಕೊಂಡೆ.”

ಹುಲಿಯಪ್ಪ ನಿನ್ನದೇನೂ ತಪ್ಪಿಲ್ಲ ಎನ್ನಲು ಬಾಯಿ ತೆರೆದ. ದನಿ ಹೊರಡಲಿಲ್ಲ.