ಕೆಳಗೇರಿಗೆ ತಂತಿ ಇರಲಿಲ್ಲ

ಪೆರುವಿನ ಬೆಟ್ಟಸಾಲಿನ ನಮ್ಮ ಊರಿನಲ್ಲಿ ಟೆಲಿಫೋನ್ ಕರೆಗಳನ್ನು ಜೋಡಿಸುತ್ತಿದ್ದವಳು ಸೆನೋಬಿಯ. ಆಗ ಫೋನಿದ್ದದ್ದು ಚೌಕದ ಸುತ್ತಲಿನ ಉಳ್ಳವರ ಮನೆಗಳಲ್ಲಿ ಮಾತ್ರ. ಹೊಳೆಯಂಚಿನ ಕೆಳಗೇರಿಯಲ್ಲಿ, ಅವಳು ಹುಟ್ಟಿ ಬೆಳೆದ ಕೇರಿಯಲ್ಲಿ, ಒಂದು ಕಂಬವನ್ನೂ ನೆಟ್ಟಿರಲಿಲ್ಲ. ಹೋಗಿ ಕೇಳಿದವರಿಗೆ ಮೇಯರ್, "ನಿಮಗೆ ಗಂಟಲಿದೆಯಲ್ರೋ, ಕೂಗ್ಕೊಳ್ಳಿ" ಎಂದು ನಕ್ಕಿದ್ದ.

ಒಂದು ಬೆಳಿಗ್ಗೆ, ಜೋಳ ಹುರಿದು ತಿನ್ನುವ ಹೊತ್ತಿಗೆ, ಮೇಲಿನ ಹಳ್ಳಿಯ ಆಪರೇಟರ್ ಕಿರುಚಿದ:

"ಸೆನೋಬಿಯಕ್ಕಾ, ಬೆಟ್ಟದ ಮೇಲಿನ ಹಿಮದ ಕೆರೆ ಒಡೀತು! ಬಂಡೆ, ಕೆಸರು ಎಲ್ಲಾ ಉರುಳ್ಕೊಂಡು ಬರ್ತಿದೆ! ಎಲ್ರನ್ನೂ ಗುಡ್ಡ ಹತ್ತ್ಸು..."

ಅಷ್ಟಕ್ಕೇ ತಂತಿ ಸತ್ತಿತು.

ಕೆಳಗೇರಿಯಲ್ಲಿ ಅವಳ ತಾಯಿಯಿದ್ದಳು, ತಂಗಿ ಕಸಿಲ್ಡಳ ಇಬ್ಬರು ಮಕ್ಕಳಿದ್ದರು. ಸೆನೋಬಿಯ ಬಾಗಿಲವರೆಗೆ ಓಡಿ, ನಿಂತು, ಹಿಂತಿರುಗಿದಳು. ತಾನೊಬ್ಬಳೇ ಓಡಿ ಎಷ್ಟು ಬಾಗಿಲು ಬಡಿಯುವುದು? ಫೋನಿರುವ ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಹೋದರೆ ಇಡೀ ಕೇರಿ ಉಳಿದೀತು ಎಂದುಕೊಂಡು, ಒಂದೊಂದೇ ಮನೆಗೆ ಕರೆ ಜೋಡಿಸಿ ಹೇಳತೊಡಗಿದಳು.

"ಸ್ವಾಮಿ, ಕೆರೆ ಒಡೆದಿದೆ, ಗುಡ್ಡ ಹತ್ತಿ. ಕೆಳಗೇರಿಗೆ ಒಬ್ರನ್ನ ಓಡ್ಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಆಗ್ಲಮ್ಮ, ಈಗ್ಲೇ ಕಳಿಸ್ತೀನಿ" ಎಂದ ಔಷಧಿ ಅಂಗಡಿಯ ಎವರಿಸ್ತೊ. ಎಲ್ಲರೂ ಹಾಗೆಯೇ ಅಂದರು. ಪಕ್ಕದ ಮನೆಯವರು ಕಳಿಸಿರುತ್ತಾರೆಂದು ಒಬ್ಬೊಬ್ಬರೂ ನಂಬಿ, ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದರು. ಕೆಳಗೇರಿಗೆ ಯಾರೂ ಹೋಗಲಿಲ್ಲ.

ಕೊನೆಯ ಮನೆಗೆ ತಿಳಿಸಿ ಸೆನೋಬಿಯ ತಾನೇ ಓಡಿದಳು. ಇಳಿಜಾರಿನ ಅರ್ಧದಲ್ಲೇ ಬೀದಿ ಮುಗಿದುಹೋಗಿತ್ತು. ಅಲ್ಲಿಂದಾಚೆ ಕರಿಯ ಕೆಸರು ಹರಿಯುತ್ತಿತ್ತು.

ಕೆಳಗೇರಿಯವರಲ್ಲಿ, ಗುಡ್ಡದ ಮೇಲಿನ ಸಂತೆಗೆ ಆಲೂಗಡ್ಡೆ ಮಾರಲು ಹೋಗಿದ್ದ ಕಸಿಲ್ಡ ಮಾತ್ರ ಉಳಿದಳು. ತಾಯಿಯ, ಮಕ್ಕಳ ಹೆಣಗಳೂ ಸಿಗಲಿಲ್ಲ. ಕೆಸರಿನ ಅಂಚಿನಲ್ಲಿ ಅವಳು ಅಕ್ಕನ ಎದುರು ನಿಂತು ಕೇಳಿದಳು:

"ಮೊದ್ಲು ಯಾರಿಗೆ ಹೇಳ್ದೆ?"

"ಫೋನಿದ್ದೋರಿಗೆ ಕಣೇ. ಅವ್ರು ಆಳು ಕಳಿಸ್ತೀವಂದ್ರು..."

"ನಿಂಗೆ ಕಾಲಿರ್ಲಿಲ್ವಾ?"

ಕಸಿಲ್ಡ ಆ ವಾರವೇ ಕರಾವಳಿಗೆ ಹೊರಟುಹೋದಳು.

ಚೌಕದವರ ಜೀವ ಉಳಿಸಿದಳೆಂದು ಮೇಯರ್ ಸೆನೋಬಿಯಳಿಗೆ ಚೌಕದಲ್ಲಿ ಸನ್ಮಾನ ಇಟ್ಟುಕೊಂಡ. ಅವಳು ಹೋಗಲಿಲ್ಲ. ಆದರೆ ಕೆಲಸ ಬಿಡಲೂ ಆಗಲಿಲ್ಲ, ಅನ್ನಕ್ಕೆ ಬೇರೆ ದಾರಿಯಿರಲಿಲ್ಲ. ಎವರಿಸ್ತೊನ ಕರೆಗಳನ್ನೂ ಜೋಡಿಸಿಕೊಡುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಕರಾವಳಿಯಿಂದೊಂದು ಕರೆ ಬಂತು.

"ಪಾದ್ರಿಗಳ ಮನೆ ಕೊಡಿ. ಸತ್ತವರ ಹೆಸರಲ್ಲಿ ಪೂಜೆ ಹೇಳ್ಸ್ಬೇಕು."

"ಕಸಿಲ್ಡಾ... ನಾನು ಕಣೇ, ಅಕ್ಕ."

"ಪಾದ್ರಿಗಳ ಮನೆ ಕೊಡಿ ಅಂದೆ."

ಸೆನೋಬಿಯ ಜೋಡಿಸಿಕೊಟ್ಟಳು.