ಅಕ್ಕನ ಓಢಣಿ ಹಿಡಿಯುವ ಕೆಲಸ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಳ್ಳೆಯದೇನಿದ್ದರೂ ಅದು ಅಕ್ಕನ ಪಾಲು. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಮೇಲೆ ನಮ್ಮ ಮನೆ, ಕೆಳಗೆ ಅಪ್ಪನ ಇಳಕಲ್ ಸೀರೆಯ ಅಂಗಡಿ. ಅಕ್ಕ ಕಾಲೇಜು ಸೇರಿದ ವರ್ಷವೇ ಅಲ್ಲಿ ಮೊದಲ ಸಲ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟಿದರು. ಉದ್ದ ಕಾಲಿನ ಅಕ್ಕನನ್ನು ಬಿಡುತ್ತಾರೆಯೇ?

ಅಪ್ಪ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಸಂಜೆ ಹೊತ್ತು ಹುಡುಗಿ ಒಬ್ಬಳೇ ಹೋಗಿ ಬರಬಾರದು, ಜೊತೆಗೆ ತಂಗಿ ಇರಬೇಕು. ತಂಗಿ ಎಂದರೆ ನಾನು. ದಿನಾ ಮೈದಾನದ ಕಟ್ಟೆಯ ಮೇಲೆ ಅಕ್ಕನ ಚೂಡಿದಾರದ ಓಢಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುವುದೇ ನನ್ನ ಕೆಲಸ. ಚೆಂಡು ನೆಲಕ್ಕೆ ಬಡಿದಾಗಲೆಲ್ಲ ಧೂಳೆದ್ದು ನನ್ನ ಬಾಯಿಗೇ ಬರುತ್ತಿತ್ತು. ಅದು ಉರುಳಿ ನನ್ನ ಕಾಲ ಬಳಿ ಬಂದರೂ, ನಾನು ಮುಟ್ಟುವ ಮೊದಲೇ ಯಾರಾದರೂ ಎತ್ತಿಕೊಂಡು ಓಡುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ವಿಪರೀತ ಹೊಟ್ಟೆಕಿಚ್ಚಾಗುತ್ತಿತ್ತು.

ಕ್ಯಾಂಪ್ ಬಡಾವಣೆಯ ಕಾಲೇಜಿನ ವಿರುದ್ಧ ಫೈನಲ್ ಇದ್ದ ದಿನ ಅವ್ವ ಅಂಟಿನುಂಡೆ ಕಟ್ಟಿದಳು. ತುಪ್ಪದಲ್ಲಿ ಅರಳಿದ ಅಂಟು, ಹುರಿದ ಕೊಬ್ಬರಿ, ಜಾಜಿಕಾಯಿಯ ಘಮ ಇಡೀ ವಾಡೆಗೆ ಹರಡಿತು. ಬಾಳಂತಿಯರಿಗೆ ಕೊಡುವ ಉಂಡೆ ಅದು. ನಾವೆಲ್ಲ ಕಾಕು ಎನ್ನುತ್ತಿದ್ದ ನೆರೆಮನೆಯಾಕೆ ಗಾಬರಿಯಿಂದ ಓಡಿಬಂದು, ಯಾರು ಹಡೆದರು ಎಂದು ಕೇಳಿದಳು.

"ಯಾರೂ ಇಲ್ಲರೀ. ಹುಡುಗಿ ಜಿಗೀಬೇಕಲ್ಲ, ಸೊಂಟಕ್ಕ ಬಲ ಬೇಕು," ಎಂದಳು ಅವ್ವ.

ನಾನೂ ಕೈ ಚಾಚಿದೆ. ಅವ್ವ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು. "ಆಡಾಕಿಗೆ ಉಂಡಿ. ಬರೇ ಕೂಡಾಕಿಗೆ ಯಾಕ?"

"ಹಂಗಾರ ನಾ ಇವತ್ತ ಹೋಗಂಗಿಲ್ಲ!" ಎಂದು ಬಾಗಿಲ ಹಿಂದೆ ಕುಳಿತುಬಿಟ್ಟೆ. ನಾನಿಲ್ಲದೆ ಅಕ್ಕ ಹೊರಡುವಂತಿಲ್ಲ. ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಅಳುಮುಖ ಮಾಡಿ ನಿಂತಿದ್ದಳು. ಈಗ ಉಂಡೆ ತಂದು ಬೇಡಿಕೊಳ್ಳುತ್ತಾಳೆ ಎಂದು ಕಾದೆ, ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಮುದುಕಿಯ ಹಾಗೆ.

ಕೆಳಗೆ ಅಂಗಡಿಯ ಬಾಗಿಲು ಎಳೆದ ಸದ್ದಾಯಿತು. ಪುಣೆಯ ಅಂಗಡಿಗಳು ಮಧ್ಯಾಹ್ನ ಮಲಗುತ್ತವೆ, ನಿಜ. ಆದರೆ ವ್ಯಾಪಾರದ ಸಂಜೆ ಅಪ್ಪ ಎಂದೂ ಬಾಗಿಲು ಹಾಕಿದವರಲ್ಲ.

"ಅಕಿ ಒಲ್ಲೆ ಅಂದ್ರ ಬಿಡು. ನಡಿ, ನಾನ ಬರ್ತೀನಿ," ಎಂದು ಅಕ್ಕನನ್ನು ರಿಕ್ಷಾ ಹತ್ತಿಸಿಕೊಂಡು ಹೊರಟೇಬಿಟ್ಟರು.

ಗೆದ್ದು ಬಂದರು. ಕೂಗಿ ಕೂಗಿ ಅಪ್ಪನ ಗಂಟಲು ಕಟ್ಟಿತ್ತು. ಆದರೂ ಅಕ್ಕ ಹೇಗೆ ಜಿಗಿದಳು ಎಂದು ಅವ್ವನಿಗೆ ಊಟದುದ್ದಕ್ಕೂ ಹೇಳಿದರು. ಅವ್ವ ಉಳಿದ ಉಂಡೆಯನ್ನು ನನ್ನ ಕೈಗಿಟ್ಟಳು. ಅಷ್ಟು ಆಸೆಪಟ್ಟಿದ್ದನ್ನು ತಿನ್ನದೆ ಡಬ್ಬಿಗೇ ಹಾಕಿದೆ. ಮರುದಿನದಿಂದ ಅಪ್ಪನೇ ಮೈದಾನಕ್ಕೆ ಹೊರಟರು. ನನ್ನ ಕಟ್ಟೆಯೂ ಹೋಯಿತು, ಓಢಣಿಯೂ ಹೋಯಿತು.

ಮೊಮ್ಮಕ್ಕಳೇ, ಈಗ ನಿಮ್ಮ ಅಕ್ಕ ಅದೇ ಕಾಲೇಜಿನ ತಂಡದಲ್ಲಿದ್ದಾಳೆ. ಸ್ಕೂಟರಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಅವಳಿಗೆ ಓಢಣಿಯೂ ಇಲ್ಲ, ಷರತ್ತೂ ಇಲ್ಲ. ಮೊನ್ನೆ ಅಲ್ಲಿನ ಗೋಡೆಯ ಹಳೆಯ ಫೋಟೋವನ್ನು ಮೊಬೈಲಿನಲ್ಲಿ ತಂದು ತೋರಿಸಿದಳು. ಗೆದ್ದ ದಿನದ ಮೊದಲ ತಂಡ. ತುದಿಯಲ್ಲಿ ಕರಿ ಟೋಪಿಯ ಅಪ್ಪ ಎದೆಯುಬ್ಬಿಸಿ ನಿಂತಿದ್ದಾರೆ, ಹೆಗಲ ಮೇಲೆ ಅಕ್ಕನ ಓಢಣಿ.

"ಅಜ್ಜಿ, ಇದರಾಗ ನೀ ಎಲ್ಲಿ?" ಎಂದು ಕೇಳಿದಳು.

ಅಪ್ಪ ನಿಂತಿದ್ದಾರಲ್ಲ, ಅದು ನನ್ನ ಜಾಗ. ನಿಮ್ಮ ಅಕ್ಕನ ಫೈನಲ್ಲಿಗೆ ಯಾರೂ ಕರೆಯದಿದ್ದರೂ ನಾನು ಹೋಗುತ್ತೇನೆ. ಉಂಡೆ ತಿಂದೇ ಹೋಗುತ್ತೇನೆ.